ಇಂಗ್ಲಿಷ್ ಫುಟ್‌ಬಾಲ್: ಋತುವಿಗೆ ಮುನ್ನ ಹೇಳುವ ಭವಿಷ್ಯ ಎಷ್ಟು ನಿಜ?

ಪ್ರತಿ ವರ್ಷ ಆಗಸ್ಟ್ ತಿಂಗಳು ಬಂತೆಂದರೆ ಇಂಗ್ಲೆಂಡಿನ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಒಂದು ಪಟ್ಟಿ ತಪ್ಪದೆ ಪ್ರಕಟವಾಗುತ್ತದೆ. ಮುಂದಿನ ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗ್ ಕಿರೀಟ ಧರಿಸುವವರು ಯಾರು, ಮೊದಲ ನಾಲ್ಕು ಸ್ಥಾನಗಳಲ್ಲಿ ನಿಲ್ಲುವವರು ಯಾರು, ಕೊನೆಯ ಮೂರು ಸ್ಥಾನಗಳಿಗೆ ಕುಸಿದು ಕೆಳಗಿನ ದರ್ಜೆಗೆ ಹಿಂಬಡ್ತಿ ಪಡೆಯುವವರು ಯಾರು ಎಂಬ ಭವಿಷ್ಯವಾಣಿಯ ಪಟ್ಟಿ ಅದು. ಮಾಜಿ ಆಟಗಾರರು, ವರದಿಗಾರರು, ಬಾಜಿ ಕಟ್ಟಿಸಿಕೊಳ್ಳುವ ಸಂಸ್ಥೆಗಳು, ಇತ್ತೀಚಿನ ವರ್ಷಗಳಲ್ಲಿ ಗಣಕಯಂತ್ರಗಳು ಕೂಡ ಈ ಕೆಲಸದಲ್ಲಿ ತೊಡಗಿವೆ. ಬೆಂಗಳೂರು, ಮಂಗಳೂರುಗಳಲ್ಲಿ ವಾರಾಂತ್ಯದ ರಾತ್ರಿ ಟಿವಿ ಮುಂದೆ ಕೂರುವ ಅಭಿಮಾನಿಗಳೂ ತಮ್ಮ ತಮ್ಮಲ್ಲೇ ಇಂತಹ ಪಟ್ಟಿ ಮಾಡಿಕೊಳ್ಳುವುದುಂಟು.

ಈ ಭವಿಷ್ಯಗಳಲ್ಲಿ ಯಾವ ಭಾಗ ನಿಜವಾಗುತ್ತದೆ, ಯಾವ ಭಾಗ ಸುಳ್ಳಾಗುತ್ತದೆ ಎಂಬುದಕ್ಕೆ ಮೂರು ದಶಕಗಳ ದಾಖಲೆ ಸ್ಪಷ್ಟ ಉತ್ತರ ನೀಡುತ್ತದೆ.

ವ್ಯವಸ್ಥೆಯ ಪರಿಚಯ

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1888ರಲ್ಲಿ 12 ತಂಡಗಳೊಂದಿಗೆ ಆರಂಭವಾಯಿತು. 1892ರಲ್ಲಿ ಎರಡನೇ ದರ್ಜೆ ಸೇರ್ಪಡೆಯಾಯಿತು. ಆರಂಭದಲ್ಲಿ ಪರೀಕ್ಷಾ ಪಂದ್ಯಗಳ ಮೂಲಕ ನಿರ್ಧಾರವಾಗುತ್ತಿದ್ದ ಬಡ್ತಿ ಹಾಗೂ ಹಿಂಬಡ್ತಿ 1898ರಿಂದ ನೇರವಾಗಿ ಅಂಕಪಟ್ಟಿಯ ಮೇಲೆಯೇ ನಡೆಯತೊಡಗಿದವು. ಗೆಲುವಿಗೆ ಎರಡರ ಬದಲು ಮೂರು ಅಂಕ ನೀಡುವ ಪದ್ಧತಿ ಜಾರಿಗೆ ಬಂದದ್ದು 1981ರಲ್ಲಿ.

ಪ್ರೀಮಿಯರ್ ಲೀಗ್ ಆರಂಭವಾದ 1992-93ರಲ್ಲಿ 22 ತಂಡಗಳಿದ್ದವು. 1995-96ರಿಂದ ಈ ಸಂಖ್ಯೆ 20ಕ್ಕೆ ಇಳಿಯಿತು. ಪ್ರತಿ ತಂಡವೂ ಉಳಿದ 19 ತಂಡಗಳ ವಿರುದ್ಧ ತವರಿನಲ್ಲಿ ಒಂದು, ಹೊರಗೆ ಒಂದು ಎಂಬಂತೆ 38 ಪಂದ್ಯ ಆಡುತ್ತದೆ. ಒಟ್ಟು ಪಂದ್ಯಗಳು 380. ಕೊನೆಯ ಮೂರು ತಂಡಗಳು ಚಾಂಪಿಯನ್‌ಷಿಪ್ ಎಂಬ ಎರಡನೇ ದರ್ಜೆಗೆ ಇಳಿಯುತ್ತವೆ. ಅಲ್ಲಿಂದ ಮೊದಲ ಎರಡು ತಂಡಗಳು ನೇರವಾಗಿ, ಮೂರನೆಯದು ಪ್ಲೇ ಆಫ್ ಗೆದ್ದು ಮೇಲೇರುತ್ತವೆ. ಮೊದಲ ನಾಲ್ಕು ಸ್ಥಾನ ಪಡೆದವರಿಗೆ ಯುರೋಪಿನ ಚಾಂಪಿಯನ್ಸ್ ಲೀಗ್ ಪ್ರವೇಶ ದೊರೆಯುತ್ತದೆ. ಕೆಲವು ವರ್ಷ ಐದನೇ ತಂಡಕ್ಕೂ ಈ ಭಾಗ್ಯ ಒಲಿದಿದೆ.

ಆದ್ದರಿಂದ ಭವಿಷ್ಯ ಹೇಳುವವರ ಮುಂದೆ ಇರುವುದು ಮೂರು ಪ್ರಶ್ನೆಗಳು: ಪ್ರಶಸ್ತಿ, ಮೊದಲ ನಾಲ್ಕು, ಕೊನೆಯ ಮೂರು. ಈ ಮೂರೂ ಒಂದೇ ಬಗೆಯ ಪ್ರಶ್ನೆಗಳಲ್ಲ ಎಂಬುದು ಗಮನಾರ್ಹ.

ಮೇಲಿನ ಸ್ಥಾನಗಳು: ಹಣವೇ ಮುಖ್ಯ

1992-93ರಿಂದ 2024-25ರವರೆಗಿನ 33 ಋತುಗಳಲ್ಲಿ ಪ್ರಶಸ್ತಿ ಗೆದ್ದ ತಂಡಗಳು ಏಳು ಮಾತ್ರ. ಮ್ಯಾಂಚೆಸ್ಟರ್ ಯುನೈಟೆಡ್ 13, ಮ್ಯಾಂಚೆಸ್ಟರ್ ಸಿಟಿ 8, ಚೆಲ್ಸಿ 5, ಆರ್ಸೆನಲ್ 3, ಲಿವರ್‌ಪೂಲ್ 2 ಬಾರಿ ಗೆದ್ದಿವೆ. ಉಳಿದ ಎರಡು ಪ್ರಶಸ್ತಿಗಳು ಬ್ಲ್ಯಾಕ್‌ಬರ್ನ್ ರೋವರ್ಸ್ (1994-95) ಹಾಗೂ ಲೆಸ್ಟರ್ ಸಿಟಿ (2015-16) ಪಾಲಾಗಿವೆ. ಅಂದರೆ ಐದು ಹೆಸರುಗಳಿರುವ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡವನಿಗೆ 33ರಲ್ಲಿ 31 ಬಾರಿ ವಿಜೇತ ತಂಡ ಆ ಚೀಟಿಯಲ್ಲೇ ಸಿಗುತ್ತಿತ್ತು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆಟಗಾರರಿಗೆ ಹೆಚ್ಚು ವೇತನ ನೀಡುವ ತಂಡ ದೀರ್ಘಾವಧಿಯಲ್ಲಿ ಮೇಲಿನ ಸ್ಥಾನದಲ್ಲಿರುತ್ತದೆ. ಪತ್ರಕರ್ತ ಸೈಮನ್ ಕೂಪರ್ ಹಾಗೂ ಅರ್ಥಶಾಸ್ತ್ರಜ್ಞ ಸ್ಟೀಫನ್ ಶಿಮಾನ್ಸ್ಕಿ 2009ರಲ್ಲಿ ಪ್ರಕಟವಾದ ತಮ್ಮ ‘ಸಾಕರ್‌ನಾಮಿಕ್ಸ್’ ಕೃತಿಯಲ್ಲಿ ಈ ವಾದವನ್ನು ಅಂಕಿ ಅಂಶಗಳೊಂದಿಗೆ ಮುಂದಿಟ್ಟರು. ಆಟಗಾರರ ಖರೀದಿಗೆ ಸುರಿದ ಹಣಕ್ಕಿಂತ ವೇತನದ ಮೊತ್ತವೇ ತಂಡದ ಸ್ಥಾನವನ್ನು ಹೆಚ್ಚು ನಿಖರವಾಗಿ ಹೇಳುತ್ತದೆ ಎಂಬುದು ಅವರ ನಿಲುವು. ಖರೀದಿಯಲ್ಲಿ ಮೋಸ ಹೋಗುವುದು ಸುಲಭ, ಆದರೆ ವೇತನದ ಮಾರುಕಟ್ಟೆ ಆಟಗಾರನ ನಿಜವಾದ ಬೆಲೆಯನ್ನು ಬೇಗ ಗುರುತಿಸುತ್ತದೆ.

ಆದರೆ ಹಲವು ವರ್ಷಗಳ ಸರಾಸರಿಗೆ ಅನ್ವಯವಾಗುವ ಈ ಮಾತು ಒಂದೇ ಋತುವಿಗೆ ಅಷ್ಟೇ ಗಟ್ಟಿಯಾಗಿ ಅನ್ವಯವಾಗದು. ಒಬ್ಬ ಆಟಗಾರನ ಮೊಣಕಾಲು ಇಡೀ ಲೆಕ್ಕಾಚಾರವನ್ನು ಕೆಡಿಸಬಲ್ಲದು. ಸತತ ನಾಲ್ಕು ಬಾರಿ ಪ್ರಶಸ್ತಿ ಗೆದ್ದಿದ್ದ ಮ್ಯಾಂಚೆಸ್ಟರ್ ಸಿಟಿ 2024ರ ಸೆಪ್ಟೆಂಬರ್‌ನಲ್ಲಿ ಮಿಡ್‌ಫೀಲ್ಡರ್ ರೋಡ್ರಿಯನ್ನು ಗಾಯದಿಂದ ಕಳೆದುಕೊಂಡಿತು. ಆ ಋತುವಿನಲ್ಲಿ ತಂಡ 71 ಅಂಕಗಳೊಂದಿಗೆ ಮೂರನೇ ಸ್ಥಾನಕ್ಕೆ ಇಳಿಯಿತು. ಹೊಸ ತರಬೇತುದಾರ ಆರ್ನೆ ಸ್ಲಾಟ್ ಅವರೊಂದಿಗೆ, ಬೇಸಿಗೆಯಲ್ಲಿ ಹೆಚ್ಚು ಖರೀದಿಯನ್ನೇ ಮಾಡದೆ ಕಣಕ್ಕಿಳಿದಿದ್ದ ಲಿವರ್‌ಪೂಲ್ 84 ಅಂಕ ಗಳಿಸಿ ಚಾಂಪಿಯನ್ ಆಯಿತು.

ಹುಡುಗರು ಮತ್ತು ಹ್ಯಾನ್ಸೆನ್

ತಪ್ಪಿದ ಭವಿಷ್ಯವಾಣಿಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು 1995ರ ಆಗಸ್ಟ್ 19ರದ್ದು. ಆ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತರಬೇತುದಾರ ಅಲೆಕ್ಸ್ ಫರ್ಗುಸನ್ ಅವರು ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂಡ್ರೇ ಕಾಂಚೆಲ್‌ಸ್ಕಿಸ್ ಅವರಂತಹ ಅನುಭವಿಗಳನ್ನು ಬಿಟ್ಟುಕೊಟ್ಟು ಯುವಕರನ್ನು ನೆಚ್ಚಿಕೊಂಡಿದ್ದರು. ಮೊದಲ ಪಂದ್ಯದಲ್ಲೇ ಆಸ್ಟನ್ ವಿಲ್ಲಾ ಎದುರು 3-1 ಸೋಲು ಎದುರಾಯಿತು. ಹುಡುಗರನ್ನು ನಂಬಿಕೊಂಡು ಏನನ್ನೂ ಗೆಲ್ಲಲಾಗದು ಎಂದು ಲಿವರ್‌ಪೂಲ್ ತಂಡದ ಮಾಜಿ ನಾಯಕ ಅಲನ್ ಹ್ಯಾನ್ಸೆನ್ ಅಂದೇ ರಾತ್ರಿ ಬಿಬಿಸಿ ಕಾರ್ಯಕ್ರಮದಲ್ಲಿ ತೀರ್ಪಿತ್ತರು. ಡೇವಿಡ್ ಬೆಕಮ್, ಪಾಲ್ ಸ್ಕೋಲ್ಸ್, ಗ್ಯಾರಿ ನೆವಿಲ್, ನಿಕಿ ಬಟ್ ಆ ಹುಡುಗರಾಗಿದ್ದರು. ಅದೇ ಋತುವಿನಲ್ಲಿ ಯುನೈಟೆಡ್ ಲೀಗ್ ಹಾಗೂ ಎಫ್‌ಎ ಕಪ್ ಎರಡನ್ನೂ ಗೆದ್ದಿತು.

ಹ್ಯಾನ್ಸೆನ್ ಅವರ ತರ್ಕ ಅವಿವೇಕದ್ದಾಗಿರಲಿಲ್ಲ. ಅವರ ತಪ್ಪು ಇದ್ದದ್ದು ಒಂದು ಪಂದ್ಯದ ಸೋಲಿನಿಂದ 38 ಪಂದ್ಯಗಳ ತೀರ್ಮಾನಕ್ಕೆ ಹೋದದ್ದರಲ್ಲಿ.

ಲೆಸ್ಟರ್: ಒಂದಕ್ಕೆ ಐದು ಸಾವಿರ

2015ರಲ್ಲಿ ಲೆಸ್ಟರ್ ಸಿಟಿಯ ಮೇಲೆ ಪ್ರಶಸ್ತಿಗಾಗಿ ಬಾಜಿ ಕಟ್ಟಿದವರಿಗೆ ಒಂದು ಪೌಂಡ್‌ಗೆ 5000 ಪೌಂಡ್ ಕೊಡುವುದಾಗಿ ಬಾಜಿ ಸಂಸ್ಥೆಗಳು ಪ್ರಕಟಿಸಿದ್ದವು. ಹಿಂದಿನ ಋತುವಿನ ಕ್ರಿಸ್‌ಮಸ್ ವೇಳೆ ತಂಡ ಅಂಕಪಟ್ಟಿಯ ಕಟ್ಟಕಡೆಯಲ್ಲಿತ್ತು. ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು 41 ಅಂಕಗಳೊಂದಿಗೆ 14ನೇ ಸ್ಥಾನ ಪಡೆದು ಪಾರಾಗಿತ್ತು. ಹೀಗೆ ಪಾರು ಮಾಡಿದ ತರಬೇತುದಾರ ನೈಜೆಲ್ ಪಿಯರ್ಸನ್ ಅವರನ್ನೇ ಬೇಸಿಗೆಯಲ್ಲಿ ವಜಾ ಮಾಡಲಾಯಿತು. ಅವರ ಸ್ಥಾನಕ್ಕೆ ಬಂದ ಇಟಲಿಯ ಕ್ಲಾಡಿಯೊ ರಾನಿಯೇರಿ ಬಗ್ಗೆ ಬಹುತೇಕರಿಗೆ ವಿಶ್ವಾಸವಿರಲಿಲ್ಲ. ಲೆಸ್ಟರ್ ಹಿಂಬಡ್ತಿಯ ಪಟ್ಟಿಯಲ್ಲೇ ಹಲವು ಪಂಡಿತರಿಗೆ ಕಂಡಿತ್ತು.

ಮುಂದೆ ನಡೆದದ್ದು ಇತಿಹಾಸ. ಫ್ಲೀಟ್‌ವುಡ್ ಟೌನ್ ಎಂಬ ಸಣ್ಣ ತಂಡದಿಂದ ಬಂದಿದ್ದ ಜೇಮಿ ವಾರ್ಡಿ ಸತತ 11 ಪಂದ್ಯಗಳಲ್ಲಿ ಗೋಲು ಗಳಿಸಿದರು. ಫ್ರಾನ್ಸ್‌ನ ಲೆ ಹಾವ್ರ್ ತಂಡದಿಂದ ಬಂದ ರಿಯಾದ್ ಮಹ್ರೆಜ್, ಕಾನ್ ತಂಡದಿಂದ ಬಂದ ಎನ್‌ಗೊಲೊ ಕಾಂಟೆ ಲೀಗ್‌ನ ಶ್ರೇಷ್ಠ ಆಟಗಾರರ ಸಾಲಿಗೆ ಸೇರಿದರು. 38 ಪಂದ್ಯಗಳಲ್ಲಿ ಮೂರನ್ನು ಮಾತ್ರ ಸೋತ ತಂಡ 81 ಅಂಕಗಳೊಂದಿಗೆ ಚಾಂಪಿಯನ್ ಆಯಿತು. ಎರಡನೇ ಸ್ಥಾನದ ಆರ್ಸೆನಲ್ 10 ಅಂಕ ಹಿಂದಿತ್ತು. ಅದೇ ವರ್ಷ ಹಾಲಿ ಚಾಂಪಿಯನ್ ಚೆಲ್ಸಿ 50 ಅಂಕಗಳೊಂದಿಗೆ 10ನೇ ಸ್ಥಾನಕ್ಕೆ ಕುಸಿಯಿತು.

ಲೆಸ್ಟರ್ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪ್ರಶಸ್ತಿ ತಂದುಕೊಟ್ಟ ರಾನಿಯೇರಿ 2017ರ ಫೆಬ್ರುವರಿಯಲ್ಲಿ ಹುದ್ದೆ ಕಳೆದುಕೊಂಡರು. ತಂಡ 2022-23ರಲ್ಲಿ ಹಿಂಬಡ್ತಿ ಪಡೆಯಿತು, ಮರುವರ್ಷ ಚಾಂಪಿಯನ್‌ಷಿಪ್ ಗೆದ್ದು ಮೇಲೇರಿತು, 2024-25ರಲ್ಲಿ ಮತ್ತೆ ಕೆಳಗಿಳಿಯಿತು. ಹತ್ತು ವರ್ಷಗಳ ಅವಧಿಯಲ್ಲಿ ಒಂದೇ ತಂಡ ಭವಿಷ್ಯ ಹೇಳುವವರನ್ನು ಎರಡೂ ದಿಕ್ಕಿನಲ್ಲಿ ಸೋಲಿಸಿತು.

ಹಿಂಬಡ್ತಿ ಎಂದರೆ ಏನು ನಷ್ಟ?

ಕ್ರೀಡಾಪುಟದ ಪಟ್ಟಿಯಲ್ಲಿ ಹಿಂಬಡ್ತಿ ಎಂಬುದು ಒಂದು ಗೆರೆ ಮಾತ್ರ. ಆದರೆ ಊರಿನ ಮಟ್ಟಿಗೆ ಅದು ದೊಡ್ಡ ಆಘಾತ. ಟಿವಿ ಪ್ರಸಾರದ ಆದಾಯ ಒಮ್ಮೆಲೇ ಕುಸಿಯುತ್ತದೆ. ಹಲವು ಆಟಗಾರರ ಕರಾರಿನಲ್ಲಿ ಹಿಂಬಡ್ತಿಯಾದರೆ ವೇತನ ಕಡಿತವಾಗುವ ಷರತ್ತು ಇರುತ್ತದೆ. ಉತ್ತಮ ಆಟಗಾರರು ಬೇರೆಡೆ ಹೊರಡುತ್ತಾರೆ. ಟಿಕೆಟ್ ಕೌಂಟರ್, ಅಡುಗೆಮನೆ, ಕಚೇರಿಗಳ ಸಿಬ್ಬಂದಿಯ ಕೆಲಸಕ್ಕೂ ಕುತ್ತು ಬರುವುದುಂಟು. ಈ ಪೆಟ್ಟನ್ನು ತಗ್ಗಿಸಲೆಂದೇ ಇಳಿದ ತಂಡಗಳಿಗೆ ಗರಿಷ್ಠ ಮೂರು ವರ್ಷ ‘ಪ್ಯಾರಾಚೂಟ್’ ಹಣ ನೀಡಲಾಗುತ್ತದೆ. ಒಂದೇ ಋತು ಇದ್ದು ಇಳಿದವರಿಗೆ ಇದು ಎರಡು ವರ್ಷಕ್ಕೆ ಸೀಮಿತ.

ಕೆಲವರ ಪತನ ಒಂದು ಮೆಟ್ಟಿಲಿಗೆ ನಿಲ್ಲುವುದಿಲ್ಲ. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ್ದ ಲೀಡ್ಸ್ ಯುನೈಟೆಡ್ ಸಾಲದ ಹೊರೆಯಲ್ಲಿ 2004ರಲ್ಲಿ ಕೆಳಗಿಳಿಯಿತು. ಅದು ಮರಳಿ ಮೇಲೇರಲು 16 ವರ್ಷ ಬೇಕಾಯಿತು. ಸಂಡರ್‌ಲ್ಯಾಂಡ್ 2017 ಹಾಗೂ 2018ರಲ್ಲಿ ಸತತ ಎರಡು ಬಾರಿ ಇಳಿದು ಮೂರನೇ ದರ್ಜೆ ಸೇರಿತು. ಅದು ಪ್ರೀಮಿಯರ್ ಲೀಗ್‌ಗೆ ಹಿಂದಿರುಗಿದ್ದು 2025ರಲ್ಲಿ. ಒಂದು ದಶಕದ ಹಿಂದೆ ಲೀಗ್ ವ್ಯವಸ್ಥೆಯ ಹೊರಗೆ ಐದನೇ ದರ್ಜೆಯಲ್ಲಿದ್ದ ಲೂಟನ್ ಟೌನ್ 2023ರಲ್ಲಿ ಪ್ರೀಮಿಯರ್ ಲೀಗ್ ತಲುಪಿ ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಅದು ಒಂದೇ ವರ್ಷದಲ್ಲಿ ಕೆಳಗಿಳಿದು, ಮರುವರ್ಷವೇ ಮೂರನೇ ದರ್ಜೆಗೂ ಜಾರಿತು.

ಕೆಳಗಿನ ಸ್ಥಾನಗಳು: ಹೊಸಬರಿಗೆ ಕಷ್ಟಕಾಲ

ಕೊನೆಯ ಮೂವರನ್ನು ಹೆಸರಿಸುವಾಗ ಹೊಸದಾಗಿ ಬಡ್ತಿ ಪಡೆದ ಮೂವರ ಹೆಸರನ್ನೇ ಬರೆಯುವುದು ಸೋಮಾರಿಯ ವಿಧಾನ ಎನಿಸುತ್ತಿತ್ತು. 1997-98ರಲ್ಲಿ ಬೋಲ್ಟನ್, ಬಾರ್ನ್ಸ್ಲಿ, ಕ್ರಿಸ್ಟಲ್ ಪ್ಯಾಲೇಸ್ ಒಟ್ಟಿಗೆ ಇಳಿದದ್ದನ್ನು ಬಿಟ್ಟರೆ ಹೀಗೆ ಎಂದೂ ಆಗಿರಲಿಲ್ಲ. ಬದಲಿಗೆ 2001-02, 2011-12, 2017-18, 2022-23ರಲ್ಲಿ ಬಡ್ತಿ ಪಡೆದ ಮೂರೂ ತಂಡಗಳು ಉಳಿದುಕೊಂಡಿದ್ದವು.

ಆದರೆ 2023-24ರಲ್ಲಿ ಲೂಟನ್, ಬರ್ನ್ಲಿ, ಶೆಫೀಲ್ಡ್ ಯುನೈಟೆಡ್ ಮೂರೂ ಮರಳಿ ಇಳಿದವು. ಶೆಫೀಲ್ಡ್ 104 ಗೋಲು ಬಿಟ್ಟುಕೊಟ್ಟಿತು. 2024-25ರಲ್ಲಿ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಅದೇ ದಾರಿ ಹಿಡಿದವು. ಸೌತಾಂಪ್ಟನ್ ಗಳಿಸಿದ್ದು 12 ಅಂಕ. 2007-08ರಲ್ಲಿ ಒಂದೇ ಪಂದ್ಯ ಗೆದ್ದು 11 ಅಂಕ ಪಡೆದಿದ್ದ ಡಾರ್ಬಿ ಕೌಂಟಿಯ ಕನಿಷ್ಠ ದಾಖಲೆಗಿಂತ ಇದು ಒಂದೇ ಅಂಕ ಹೆಚ್ಚು. ಎರಡು ದರ್ಜೆಗಳ ನಡುವಿನ ಆರ್ಥಿಕ ಕಂದಕ ಎಷ್ಟು ಆಳವಾಗಿದೆ ಎಂಬುದಕ್ಕೆ ಈ ಎರಡು ಋತುಗಳು ಸಾಕ್ಷಿ.

ಪಾರಾಗಲು 40 ಅಂಕ ಬೇಕು ಎಂಬ ಹಳೆಯ ಮಾತೂ ಪರೀಕ್ಷೆಗೆ ನಿಲ್ಲದು. 2002-03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಗಳಿಸಿಯೂ ಇಳಿಯಿತು. 2004-05ರಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 34 ಅಂಕಗಳಲ್ಲೇ ಉಳಿಯಿತು. ಕ್ರಿಸ್‌ಮಸ್ ದಿನ ಕಟ್ಟಕಡೆಯಲ್ಲಿದ್ದು ಪ್ರೀಮಿಯರ್ ಲೀಗ್‌ನಲ್ಲಿ ಪಾರಾದ ಮೊದಲ ತಂಡ ಅದು. 2023-24ರಲ್ಲಿ 18ನೇ ಸ್ಥಾನದ ಲೂಟನ್ ಬಳಿ ಇದ್ದದ್ದು 26 ಅಂಕ, 2024-25ರಲ್ಲಿ ಅದೇ ಸ್ಥಾನದ ಲೆಸ್ಟರ್ ಬಳಿ 25 ಅಂಕ.

ಎರಡನೇ ವರ್ಷದ ಅಪಾಯವೂ ಉಂಟು. ಬಡ್ತಿ ಪಡೆದ ಹುರುಪಿನಲ್ಲಿ ಮೊದಲ ವರ್ಷ ಮಿಂಚಿದ ತಂಡಗಳು ಮರುವರ್ಷ ಮುಗ್ಗರಿಸಿದ್ದಿದೆ. ಇಪ್ಸ್‌ವಿಚ್ 2000-01ರಲ್ಲಿ 5ನೇ ಸ್ಥಾನ ಪಡೆದು 2001-02ರಲ್ಲಿ ಇಳಿಯಿತು. ರೆಡಿಂಗ್ 2006-07ರಲ್ಲಿ 8ನೇ ಸ್ಥಾನ, ಮರುವರ್ಷ ಹಿಂಬಡ್ತಿ. ಶೆಫೀಲ್ಡ್ ಯುನೈಟೆಡ್ 2019-20ರಲ್ಲಿ 9ನೇ ಸ್ಥಾನ, ಮರುವರ್ಷ ಕಟ್ಟಕಡೆಯ ಸ್ಥಾನ.

ಇತ್ತೀಚೆಗೆ ಮೈದಾನದ ಹೊರಗಿನ ಲೆಕ್ಕವೂ ಸೇರಿಕೊಂಡಿದೆ. ಹಣಕಾಸು ನಿಯಮ ಉಲ್ಲಂಘನೆಗಾಗಿ 2023-24ರಲ್ಲಿ ಎವರ್ಟನ್ ಒಟ್ಟು 8 ಅಂಕ, ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡವು. ಆಗಸ್ಟ್‌ನಲ್ಲಿ ಪಟ್ಟಿ ಬರೆಯುವವರಿಗೆ ನ್ಯಾಯಮಂಡಳಿಯ ತೀರ್ಪನ್ನು ಊಹಿಸುವ ದಾರಿಯಿಲ್ಲ.

ತಲೆ ಬೋಳಿಸಿಕೊಂಡ ಪಂಡಿತ

ಭವಿಷ್ಯ ಸುಳ್ಳಾದಾಗ ಬೆಲೆ ತೆತ್ತವರು ವಿರಳ. ಇಂಗ್ಲೆಂಡಿನ ಮಾಜಿ ಆಟಗಾರ ರಾಡ್ನಿ ಮಾರ್ಷ್ ಅಂತಹ ಒಬ್ಬರು. 1999ರಲ್ಲಿ ಬಡ್ತಿ ಪಡೆದ ಬ್ರಾಡ್‌ಫರ್ಡ್ ಸಿಟಿ ಉಳಿದುಕೊಂಡರೆ ತಲೆ ಬೋಳಿಸಿಕೊಳ್ಳುವುದಾಗಿ ಅವರು ಸವಾಲು ಹಾಕಿದ್ದರು. 2000ದ ಮೇ 14ರಂದು, ಋತುವಿನ ಕೊನೆಯ ದಿನ, ಡೇವಿಡ್ ವೆದರಾಲ್ ತಲೆಯಿಂದ ಗಳಿಸಿದ ಗೋಲಿನ ಬಲದಿಂದ ಬ್ರಾಡ್‌ಫರ್ಡ್ 1-0ರಿಂದ ಲಿವರ್‌ಪೂಲ್ ತಂಡವನ್ನು ಮಣಿಸಿತು. ಗಳಿಸಿದ್ದು 36 ಅಂಕ, ಸ್ಥಾನ 17. ಮಾರ್ಷ್ ಕೊಟ್ಟ ಮಾತಿನಂತೆ ಬ್ರಾಡ್‌ಫರ್ಡ್‌ನ ಮೈದಾನದಲ್ಲೇ ತಲೆ ಬೋಳಿಸಿಕೊಂಡರು. ಮರುವರ್ಷ ಬ್ರಾಡ್‌ಫರ್ಡ್ ಕಟ್ಟಕಡೆಯ ಸ್ಥಾನ ಪಡೆದು ಕೆಳಗಿಳಿದದ್ದು ಅವರ ನೆರವಿಗೆ ಬರಲಿಲ್ಲ.

ಗಣಕಯಂತ್ರದ ಲೆಕ್ಕ

ಸಂಖ್ಯಾಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ನೋಡುತ್ತಾರೆ. ಗೋಲುಗಳು ವಿರಳ ಘಟನೆಗಳಾದ್ದರಿಂದ ಅವುಗಳಿಗೆ ಪಾಯ್ಸಾನ್ ಹಂಚಿಕೆ ಎಂಬ ಸೂತ್ರ ಸರಿಸುಮಾರು ಒಪ್ಪುತ್ತದೆ. ಇಂಗ್ಲೆಂಡಿನ ಮಾರ್ಕ್ ಡಿಕ್ಸನ್ ಹಾಗೂ ಸ್ಟುವರ್ಟ್ ಕೋಲ್ಸ್ 1997ರಲ್ಲಿ ಪ್ರಕಟಿಸಿದ ಮಾದರಿ ಈ ಕ್ಷೇತ್ರದಲ್ಲಿ ಇಂದಿಗೂ ಆಧಾರವಾಗಿದೆ. ಪ್ರತಿ ತಂಡಕ್ಕೂ ದಾಳಿ ಹಾಗೂ ರಕ್ಷಣೆಯ ಬಲವನ್ನು ಹಿಂದಿನ ಪಂದ್ಯಗಳಿಂದ ಅಂದಾಜು ಮಾಡಿ, ತವರಿನ ಅನುಕೂಲವನ್ನು ಸೇರಿಸಲಾಗುತ್ತದೆ.

ಉದಾಹರಣೆಗೆ, ಆತಿಥೇಯರು ಸರಾಸರಿ 1.5, ಅತಿಥಿಗಳು ಸರಾಸರಿ 1.1 ಗೋಲು ಗಳಿಸುವ ನಿರೀಕ್ಷೆ ಇದೆ ಎಂದಿಟ್ಟುಕೊಳ್ಳೋಣ. ಆತಿಥೇಯರು ಗೋಲೇ ಗಳಿಸದಿರುವ ಸಾಧ್ಯತೆ ಶೇ 22, ಅತಿಥಿಗಳದು ಶೇ 33. ಎರಡನ್ನೂ ಗುಣಿಸಿದರೆ ಪಂದ್ಯ 0-0 ಆಗುವ ಸಾಧ್ಯತೆ ಸುಮಾರು ಶೇ 7. ಹೀಗೆ 380 ಪಂದ್ಯಗಳನ್ನೂ ಗಣಕದಲ್ಲಿ ಸಾವಿರಾರು ಬಾರಿ ಆಡಿಸಿ, ಯಾವ ತಂಡ ಎಷ್ಟು ಬಾರಿ ಚಾಂಪಿಯನ್ ಆಯಿತು, ಎಷ್ಟು ಬಾರಿ ಇಳಿಯಿತು ಎಂದು ಎಣಿಸಲಾಗುತ್ತದೆ. ಗೋಲಿನ ಬದಲು ಪ್ರತಿ ಹೊಡೆತದ ಗುಣಮಟ್ಟವನ್ನು ಅಳೆಯುವ ‘ನಿರೀಕ್ಷಿತ ಗೋಲು’ ಲೆಕ್ಕವೂ ಈಚೆಗೆ ಬಳಕೆಯಲ್ಲಿದೆ. ಅದೃಷ್ಟದಿಂದ ಗೆದ್ದ ತಂಡವನ್ನೂ ಆಟದಿಂದ ಗೆದ್ದ ತಂಡವನ್ನೂ ಬೇರ್ಪಡಿಸಲು ಇದು ನೆರವಾಗುತ್ತದೆ.

ಪಂಡಿತನಿಗೂ ಗಣಕಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಪಂಡಿತ ಒಂದು ಹೆಸರು ಹೇಳುತ್ತಾನೆ, ಗಣಕ ಶೇಕಡಾವಾರು ಸಾಧ್ಯತೆ ಹೇಳುತ್ತದೆ. ಶೇ 5ರಷ್ಟು ಸಾಧ್ಯತೆಯ ಘಟನೆ ಇಪ್ಪತ್ತರಲ್ಲಿ ಒಮ್ಮೆ ನಡೆಯಲೇಬೇಕು. ಅದು ನಡೆದಾಗ ಲೆಕ್ಕ ತಪ್ಪಿತೆಂದು ಹೇಳುವಂತಿಲ್ಲ.

ಕಳೆದ ವರ್ಷದ ಪಟ್ಟಿಯೇ ಅಳತೆಗೋಲು

ಭವಿಷ್ಯವಾಣಿಯನ್ನು ಅಳೆಯಲು ಸರಳ ಉಪಾಯವೊಂದಿದೆ. ಹಿಂದಿನ ವರ್ಷದ ಅಂಕಪಟ್ಟಿಯನ್ನೇ ನಕಲು ಮಾಡಿ, ಬಡ್ತಿ ಪಡೆದ ಮೂವರನ್ನು 18, 19, 20ನೇ ಸ್ಥಾನದಲ್ಲಿ ಇರಿಸುವುದು. ಏನೂ ಯೋಚಿಸದೆ ಮಾಡಿದ ಈ ಪಟ್ಟಿಯನ್ನು ಮೀರಿಸದ ಪಂಡಿತನ ಶ್ರಮ ವ್ಯರ್ಥ.

2024-25ಕ್ಕೆ ಈ ವಿಧಾನ ಅನ್ವಯಿಸಿದರೆ ಸಿಗುವ ಫಲಿತಾಂಶ ಕುತೂಹಲಕರ. ಕೊನೆಯ ಮೂರು ಸ್ಥಾನಗಳು ಕ್ರಮಾಂಕ ಸಹಿತ ಸರಿಯಾಗುತ್ತವೆ. ಮೊದಲ ನಾಲ್ವರಲ್ಲಿ ಮೂವರು (ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ) ಸರಿ, ಆಸ್ಟನ್ ವಿಲ್ಲಾ ಬದಲು ಚೆಲ್ಸಿ ಬಂತು. ಪ್ರತಿ ತಂಡ ಊಹಿಸಿದ ಸ್ಥಾನದಿಂದ ಎಷ್ಟು ದೂರ ಸರಿಯಿತು ಎಂದು ಕೂಡಿಸಿದರೆ ಇಪ್ಪತ್ತೂ ತಂಡಗಳಿಗೆ ಒಟ್ಟು 64 ಸ್ಥಾನಗಳ ವ್ಯತ್ಯಾಸ, ಅಂದರೆ ತಂಡಕ್ಕೆ ಸರಾಸರಿ 3.2. ಕಣ್ಣು ಮುಚ್ಚಿ ಚೀಟಿ ಎತ್ತಿದ್ದರೆ ಈ ವ್ಯತ್ಯಾಸ ಸರಾಸರಿ 133 ಆಗುತ್ತಿತ್ತು.

ಆ 64ರಲ್ಲಿ 22 ಸ್ಥಾನಗಳ ತಪ್ಪು ಎರಡೇ ತಂಡಗಳದು. 5ರಿಂದ 17ಕ್ಕೆ ಕುಸಿದ ಟಾಟನ್‌ಹ್ಯಾಮ್ ಮತ್ತು 17ರಿಂದ 7ಕ್ಕೆ ಏರಿದ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಲೀಗ್‌ನಲ್ಲಿ 22 ಪಂದ್ಯ ಸೋತ ಟಾಟನ್‌ಹ್ಯಾಮ್ ಅದೇ ವರ್ಷ ಯುರೋಪಾ ಲೀಗ್ ಕಪ್ ಗೆದ್ದಿತು ಎಂಬುದು ಇನ್ನೊಂದು ವಿಚಿತ್ರ. ಫೈನಲ್‌ನಲ್ಲಿ ಅದು ಸೋಲಿಸಿದ ಮ್ಯಾಂಚೆಸ್ಟರ್ ಯುನೈಟೆಡ್ ಲೀಗ್‌ನಲ್ಲಿ 15ನೇ ಸ್ಥಾನದಲ್ಲಿತ್ತು.

ಬೆಂಗಳೂರಿಗೂ ಪಾಠವಿದೆ

ಭಾರತದಲ್ಲಿ ಈ ಆಟಕ್ಕೆ ಒಂದು ಕಾಲು ಕಡಿಮೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ 2024-25ರವರೆಗೂ ಯಾವ ತಂಡವೂ ಹಿಂಬಡ್ತಿ ಕಂಡಿರಲಿಲ್ಲ. ಹೀಗಾಗಿ ಪಟ್ಟಿಯ ಕೆಳಭಾಗದ ಪಂದ್ಯಗಳಿಗೆ ಇಂಗ್ಲೆಂಡಿನಂತಹ ತೀವ್ರತೆ ಇರಲಿಲ್ಲ. ಆದರೂ ಪಂಡಿತರನ್ನು ತಪ್ಪಿಸುವುದರಲ್ಲಿ ಬೆಂಗಳೂರು ಎಫ್‌ಸಿ ಹಿಂದೆ ಬಿದ್ದಿಲ್ಲ. 2013ರಲ್ಲಿ ಸ್ಥಾಪನೆಯಾದ ತಂಡ ಆಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2022-23ರ ಸೂಪರ್ ಲೀಗ್‌ನಲ್ಲಿ ಕೆಳಭಾಗದಲ್ಲಿ ತೊಳಲಾಡಿ, ಬಳಿಕ ಸತತ ಎಂಟು ಪಂದ್ಯ ಗೆದ್ದು ಫೈನಲ್ ತಲುಪಿತು. 2023-24ರಲ್ಲಿ 10ನೇ ಸ್ಥಾನಕ್ಕೆ ಜಾರಿದ ತಂಡ 2024-25ರಲ್ಲಿ ಮತ್ತೆ ಫೈನಲ್ ಆಡಿತು.

ಪಟ್ಟಿ ಮಾಡುವವರು ಗಮನಿಸಬೇಕಾದ ಅಂಶಗಳು

* ಹಿಂದಿನ ವರ್ಷದ ಅಂಕಪಟ್ಟಿಯಿಂದ ಆರಂಭಿಸಿ. ಕಾರಣವಿಲ್ಲದೆ ಅದರಿಂದ ದೂರ ಸರಿಯಬೇಡಿ.
* ಸ್ಥಾನವನ್ನು ಮಾತ್ರವಲ್ಲ, ಗೋಲು ಅಂತರವನ್ನೂ ನೋಡಿ. ಒಂದೊಂದು ಗೋಲಿನ ಅಂತರದಲ್ಲಿ ಗೆದ್ದು ಮೇಲೇರಿದ ತಂಡ ಮರುವರ್ಷ ಇಳಿಯುವ ಸಂಭವ ಹೆಚ್ಚು.
* ಆಟಗಾರರ ವರ್ಗಾವಣೆ ಅವಧಿ ಋತು ಆರಂಭವಾದ ಬಳಿಕವೂ ತೆರೆದಿರುತ್ತದೆ. ಆಗಸ್ಟ್ ಮೊದಲ ವಾರದ ಪಟ್ಟಿ ಅಪೂರ್ಣ ತಂಡಗಳ ಮೇಲೆ ಬರೆದದ್ದು.
* ವಾರದ ಮಧ್ಯೆ ಯುರೋಪಿನ ಪಂದ್ಯ ಆಡುವ ತಂಡಗಳಿಗೆ ದಣಿವು, ಗಾಯ ಹೆಚ್ಚು.
* ಮೊದಲ ಐದಾರು ಪಂದ್ಯಗಳ ಫಲಿತಾಂಶ ನೋಡಿ ಪಟ್ಟಿ ಹರಿದು ಹಾಕಬೇಡಿ. 2008-09ರಲ್ಲಿ ಮೊದಲ ಒಂಬತ್ತರಲ್ಲಿ ಆರು ಗೆದ್ದಿದ್ದ ಹಲ್ ಸಿಟಿ ಕೊನೆಗೆ 35 ಅಂಕಗಳೊಂದಿಗೆ 17ನೇ ಸ್ಥಾನದಲ್ಲಿ ಪಾರಾಯಿತು.

ಇಷ್ಟೆಲ್ಲ ಲೆಕ್ಕ ಹಾಕಿದರೂ ಇಪ್ಪತ್ತರಲ್ಲಿ ಒಂದೆರಡು ತಂಡಗಳು ಪ್ರತಿ ವರ್ಷ ಪಟ್ಟಿಯಿಂದ ಹೊರಗೆ ಜಿಗಿಯುತ್ತವೆ. ಯಾವುವು ಎಂಬುದು ಆಗಸ್ಟ್‌ನಲ್ಲಿ ತಿಳಿಯದು. ಲೂಟನ್‌ನಂತಹ ಊರಿನ ಜನ ಪ್ರತಿ ಋತುವಿನ ಆರಂಭದಲ್ಲಿ ಮತ್ತೆ ಟಿಕೆಟ್ ಕೊಳ್ಳುವುದು, ಆ ಒಂದೆರಡರಲ್ಲಿ ತಮ್ಮದೂ ಒಂದಾಗಬಹುದೆಂಬ ಭರವಸೆಯಿಂದಲೇ.